ಹಳೆ ಅಮೆರಿಕನ್ ನಿಕಲ್‌ಗೆ ಬೆಲೆ ಬರುವುದು ಯಾವುದರಿಂದ?

1940, 50ರ ದಶಕದ ಜೆಫರ್ಸನ್ ನಿಕಲ್, ಅಂದರೆ ಅಧ್ಯಕ್ಷ ಜೆಫರ್ಸನ್ ಮುಖವಿರುವ ಐದು ಸೆಂಟ್ ನಾಣ್ಯ ಸಿಕ್ಕಿದೆಯಾ? ಮೊದಲು ಹಿಂಬದಿ ನೋಡಿ. ಅಲ್ಲಿರುವುದು ಜೆಫರ್ಸನ್ ಮನೆ ಮಾಂಟಿಚೆಲ್ಲೊ. ಆ ಕಟ್ಟಡದ ಗುಮ್ಮಟದ ಮೇಲೆ ದೊಡ್ಡದಾಗಿ ಪಿ, ಡಿ ಅಥವಾ ಎಸ್ ಅಕ್ಷರ (ಯಾವ ಟಂಕಸಾಲೆಯದು ಅನ್ನುವ ಗುರುತು) ಇದ್ದರೆ ಅದು 1942ರಿಂದ 1945ರವರೆಗಿನ ಯುದ್ಧಕಾಲದ ನಾಣ್ಯ, ಅದರಲ್ಲಿ 35% ಬೆಳ್ಳಿ ಇದೆ, ಹಾಗಾಗಿ ಎಷ್ಟೇ ಸವೆದಿದ್ದರೂ ಸುಮ್ನೆ ಐದು ಸೆಂಟ್ ಅಂತ ಖರ್ಚು ಮಾಡಬೇಡಿ. 1943-ಪಿ ಆದರೆ 3ರ ಒಳಗೆ 2 ಇಣುಕುತ್ತಿದೆಯಾ ಅಂತಲೂ ನೋಡಿ. ಅದಕ್ಕೆ ಬೇಡಿಕೆ ಜಾಸ್ತಿ.

ಆಮೇಲೆ ಭೂತಗನ್ನಡಿ ಹಿಡಿದು ಕಟ್ಟಡದ ಮೆಟ್ಟಿಲು ಎಣಿಸಿ. ನಿಜವಾದ ದುಡ್ಡು ಇರುವುದು ಇಲ್ಲೇ. ಐದಾರು ಮೆಟ್ಟಿಲು ಎಲ್ಲೂ ತುಂಡಾಗದೆ ಕಂಡರೆ ಅದು 'ಫುಲ್ ಸ್ಟೆಪ್ಸ್'. 1953-ಎಸ್ ನಾಣ್ಯವನ್ನೇ ತಗೊಳ್ಳಿ, ಮಾಮೂಲಿಯಾಗಿ ಅಗ್ಗ, ಆದರೆ ಆ ವರ್ಷ ಅಚ್ಚು ಸರಿಯಾಗಿ ಬೀಳದೆ ಪೂರ್ತಿ ಮೆಟ್ಟಿಲಿರುವುದು ಸಿಗುವುದೇ ಅಪರೂಪ, ಸಿಕ್ಕರೆ ಸಾವಿರಾರು ಡಾಲರ್.

ಕಡಿಮೆ ಅಚ್ಚಾಗಿದ್ದೆಲ್ಲ ದುಬಾರಿ ಅಲ್ಲ. 1950-ಡಿ ಬಂದಿದ್ದು 26,30,030 ಮಾತ್ರ, ಆದರೆ ಜನ ಆಗಲೇ ಮೂಟೆಗಟ್ಟಲೆ ಎತ್ತಿಟ್ಟರು, ಹಾಗಾಗಿ ಹೊಸದರಂತಿರುವುದು ಈಗಲೂ ಸುಲಭವಾಗಿ ಸಿಗುತ್ತದೆ.

ಇನ್ನೊಂದು, ತಿಕ್ಕಿ ಹೊಳಪು ಮಾಡಲೇಬೇಡಿ. ಸಂಗ್ರಹಕಾರರಿಗೆ ತೊಳೆದ ನಾಣ್ಯ ಒಂದೇ ನೋಟಕ್ಕೆ ಗೊತ್ತಾಗುತ್ತದೆ, ಬೆಲೆ ಅಲ್ಲೇ ಬಿದ್ದುಹೋಗುತ್ತದೆ.