ಹಳೆಯ ಟ್ಯೂಬ್ ಆಂಪ್ಲಿಫೈಯರ್ ಮತ್ತು ಟ್ಯೂನರ್: ಕೊಳ್ಳುವ ಮುನ್ನ, ಕೊಂಡ ಮೇಲೆ

ಹಳೆಯ ಟ್ಯೂಬ್ ಸ್ಟೀರಿಯೊ ಆಂಪ್ಲಿಫೈಯರ್ ಕೊಳ್ಳುವಾಗ ಮೊದಲು ಪರೀಕ್ಷಿಸಬೇಕಾದದ್ದು ಟ್ರಾನ್ಸ್‌ಫಾರ್ಮರುಗಳನ್ನು. ಇಎಲ್34, ಇಎಲ್84, 12ಎಎಕ್ಸ್7ನಂಥ ಟ್ಯೂಬುಗಳು ಇಂದಿಗೂ ಹೊಸದಾಗಿ ತಯಾರಾಗುತ್ತಿವೆ, ಕೆಪಾಸಿಟರುಗಳೂ ಸುಲಭವಾಗಿ ದೊರೆಯುತ್ತವೆ. ಆದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ (ಟ್ಯೂಬುಗಳ ಸಿಗ್ನಲನ್ನು ಸ್ಪೀಕರಿಗೆ ಹೊಂದಿಸಿ ಕೊಡುವ ಭಾಗ) ಸುಟ್ಟಿದ್ದರೆ ಅದಕ್ಕೆ ಸರಿಸಾಟಿಯಾದ ಇನ್ನೊಂದನ್ನು ಹುಡುಕುವುದು ಕಷ್ಟ. ಕಪ್ಪು ಟಾರು ಕರಗಿ ಸೋರಿದ ಗುರುತಿದೆಯೇ, ಸುಟ್ಟ ವಾಸನೆ ಇದೆಯೇ ಎಂದು ನೋಡಿ. ವಿದ್ಯುತ್ ಸಂಪರ್ಕವಿಲ್ಲದೆ, ಔಟ್‌ಪುಟ್ ಟ್ಯೂಬುಗಳನ್ನು ತೆಗೆದು, ಅದರ ಪ್ರೈಮರಿ ಸುರುಳಿಯ (ಟ್ಯೂಬುಗಳ ಕಡೆಯ ಸುರುಳಿಯ) ರೋಧವನ್ನು ಮಲ್ಟಿಮೀಟರಿನಲ್ಲಿ ಅಳೆದು, ಎಡ ಮತ್ತು ಬಲ ಚಾನೆಲುಗಳನ್ನು ಹೋಲಿಸಿ. ಒಂದೇ ಸುರುಳಿಯ ಎರಡು ಅರ್ಧಗಳ ನಡುವೆ ಅಲ್ಪಸ್ವಲ್ಪ ವ್ಯತ್ಯಾಸವಿರುವುದು ಸಹಜ. ಮೀಟರ್ ಅಳತೆಗೆ ಸಿಗದಷ್ಟು (ಅನಂತ) ರೋಧ ತೋರಿಸಿದರೆ ತಂತಿ ತುಂಡಾಗಿದೆ ಎಂದೇ ಅರ್ಥ.

ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಯಂತ್ರವನ್ನು ಮಾರುವವರು ಪ್ಲಗ್ಗಿಗೆ ಹಾಕಿ ತೋರಿಸುತ್ತೇನೆಂದರೆ ದಯವಿಟ್ಟು ತಡೆಯಿರಿ. ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಶಾರ್ಟ್ ಆದರೆ ಪವರ್ ಟ್ರಾನ್ಸ್‌ಫಾರ್ಮರನ್ನೂ ತನ್ನೊಡನೆ ಸುಡಬಲ್ಲದು. ಮನೆಗೆ ತಂದ ಮೇಲೆ, ಟ್ಯೂಬುಗಳನ್ನೆಲ್ಲ ತೆಗೆದಿಟ್ಟು, 60 ವ್ಯಾಟಿನ ತಂತಿಯ ಬಲ್ಬೊಂದನ್ನು ಸರಣಿಯಲ್ಲಿ ಸೇರಿಸಿ ವಿದ್ಯುತ್ ಕೊಡಿ. ಬಲ್ಬು ಒಮ್ಮೆ ಮಿನುಗಿ ಮಂಕಾದರೆ ಟ್ರಾನ್ಸ್‌ಫಾರ್ಮರ್ ಉಳಿದಿದೆ; ಪ್ರಖರವಾಗಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ.

ಒಳಗೆ ಕೈ ಹಾಕುವ ಮುನ್ನ ಒಂದು ಎಚ್ಚರಿಕೆ: ಇಲ್ಲಿ 400 ವೋಲ್ಟಿಗೂ ಮಿಕ್ಕಿದ ಒತ್ತಡವಿರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ. ಸೂಕ್ತ ರೆಸಿಸ್ಟರಿನ ಮೂಲಕ ಅದನ್ನು ಇಳಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲಷ್ಟೇ ಮುಟ್ಟಿ. ಸ್ಪೀಕರನ್ನಾಗಲಿ ಬದಲಿ ಲೋಡನ್ನಾಗಲಿ (ಸ್ಪೀಕರಿನ ಜಾಗದಲ್ಲಿ ಹಾಕುವ ದೊಡ್ಡ ರೆಸಿಸ್ಟರ್) ಜೋಡಿಸದೆ ಆಂಪ್ಲಿಫೈಯರನ್ನು ಎಂದೂ ನಡೆಸಬಾರದು.

ದುರಸ್ತಿಯಲ್ಲಿ ಅತ್ಯಂತ ಮುಖ್ಯವಾದವು ಕಪ್ಲಿಂಗ್ ಕೆಪಾಸಿಟರುಗಳು, ಅಂದರೆ ಒಂದು ಹಂತದಿಂದ ಮುಂದಿನ ಹಂತಕ್ಕೆ ಸಿಗ್ನಲನ್ನು ಮಾತ್ರ ಬಿಟ್ಟು ಡಿಸಿ ವೋಲ್ಟೇಜನ್ನು ತಡೆಯುವವು. ಹಳೆಯ ಕಾಗದದ ಕೆಪಾಸಿಟರ್ ಸೋರತೊಡಗಿದರೆ ಹಿಂದಿನ ಹಂತದ ಧನ ವೋಲ್ಟೇಜು ಔಟ್‌ಪುಟ್ ಟ್ಯೂಬಿನ ಗ್ರಿಡ್ಡಿಗೆ (ಕರೆಂಟನ್ನು ನಿಯಂತ್ರಿಸುವ ಜಾಲರಿಗೆ) ಹರಿದು, ಟ್ಯೂಬು ಮಿತಿಮೀರಿದ ಕರೆಂಟನ್ನು ಎಳೆಯುತ್ತದೆ. ಆಗ ಒಳಗಿನ ಬೂದುಬಣ್ಣದ ಪ್ಲೇಟು ಕೆಂಡದಂತೆ ಕೆಂಪಾಗುತ್ತದೆ. ಹಾಗೆ ಕಂಡ ಕ್ಷಣವೇ ಆರಿಸಿ. ಆ ಕೆಪಾಸಿಟರುಗಳನ್ನೂ ವಿದ್ಯುತ್ ಪೂರೈಕೆಯ ಎಲೆಕ್ಟ್ರೋಲಿಟಿಕ್‌ಗಳನ್ನೂ ಬದಲಿಸಿ, ಉಳಿದವನ್ನು ಅಳೆಯದೆ ಕೀಳಬೇಡಿ. ಗ್ರಿಡ್ಡಿಗೆ ಋಣ ವೋಲ್ಟೇಜು ಕೊಟ್ಟು ಟ್ಯೂಬಿನ ಕರೆಂಟನ್ನು ಹಿಡಿತದಲ್ಲಿಡುವ ಬಯಾಸ್ ವಿಭಾಗದಲ್ಲಿ ಸೆಲೆನಿಯಂ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಹಳೆಯ ಬಗೆಯ ಭಾಗ) ಇದ್ದರೆ ಸಿಲಿಕಾನ್ ಡಯೋಡ್ ಹಾಕಿ, ಋಣ ವೋಲ್ಟೇಜನ್ನು ಹೊಸದಾಗಿ ಹೊಂದಿಸಿ. 1959ರ ಡೈನಾಕೊ ಎಸ್‌ಟಿ-70 ಆಂಪ್ಲಿಫೈಯರಿನಲ್ಲಿ ಈ ಹೊಂದಿಕೆ ಸರಳವಾಗಿದೆ: 15.6 ಓಮಿನ ರೆಸಿಸ್ಟರಿನ ಮೇಲೆ 1.56 ವೋಲ್ಟ್ ಬಂದರೆ ಎರಡು ಟ್ಯೂಬುಗಳ ಮೂಲಕ ಒಟ್ಟು 100 ಮಿಲಿಆಂಪಿಯರ್ ಹರಿಯುತ್ತಿದೆ ಎಂದರ್ಥ. ಇಂದಿನ ಮನೆಗಳಿಗೆ ಬರುವ ವೋಲ್ಟೇಜು ಅಂದಿಗಿಂತ ಹೆಚ್ಚಿದ್ದರೆ ಇದಕ್ಕಿಂತ ತುಸು ಕಡಿಮೆಯಿಡುವುದೇ ಲೇಸೆಂಬುದು ನನ್ನ ಅಭಿಪ್ರಾಯ.

ರೇಡಿಯೊ ಪ್ರಸಾರವನ್ನು ಹಿಡಿಯುವ ಟ್ಯೂನರಿಗೆ ಬೇರೆಯೇ ಬಗೆಯ ಸಂಯಮ ಬೇಕು. ಅಮೆರಿಕದಲ್ಲಿ ಎಫ್‌ಎಂ ಸ್ಟೀರಿಯೊ ಪ್ರಸಾರಕ್ಕೆ ಒಪ್ಪಿಗೆ ದೊರೆತದ್ದು 1961ರಲ್ಲಿ. ಅದಕ್ಕೂ ಹಿಂದಿನ ಟ್ಯೂನರುಗಳಲ್ಲಿ ಪ್ರತ್ಯೇಕ ಮಲ್ಟಿಪ್ಲೆಕ್ಸ್ ಘಟಕವನ್ನು (ಎಡ-ಬಲ ಚಾನೆಲುಗಳನ್ನು ಬೇರ್ಪಡಿಸುವ ಘಟಕ) ಜೋಡಿಸದ ಹೊರತು ಸ್ಟೀರಿಯೊ ಬಾರದು. 10.7 ಮೆಗಾಹರ್ಟ್ಸಿನ ಐಎಫ್ (ಮಧ್ಯಂತರ ಆವರ್ತನ) ಸುರುಳಿಗಳಿರುವ ಲೋಹದ ಡಬ್ಬಿಗಳ ತಿರುಪನ್ನು ಸಿಗ್ನಲ್ ಜನರೇಟರ್ ಇಲ್ಲದೆ ತಿರುಗಿಸಬೇಡಿ. ಟ್ಯೂನಿಂಗ್ ಕೆಪಾಸಿಟರಿನ ತೆಳುವಾದ ಹಾಳೆಗಳ ಧೂಳನ್ನು ಮೃದುವಾದ ಕುಂಚದಿಂದ, ಹಾಳೆಗಳು ಬಾಗದಂತೆ ತೆಗೆಯಿರಿ. ಡಯಲಿನ ಗಾಜನ್ನು ಹೊರಗಿನಿಂದ ಮಾತ್ರ ಒರೆಸಿ. ಒಮ್ಮೆ ನಾನು ಒಳಬದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದಾಗ 88ರಿಂದ 92ರವರೆಗಿನ ಚಿನ್ನದ ಬಣ್ಣದ ಅಂಕಿಗಳು ಬಟ್ಟೆಗೆ ಅಂಟಿಕೊಂಡು ಬಂದವು. ಆ ಟ್ಯೂನರ್ ಈಗಲೂ ಚೆನ್ನಾಗಿ ನುಡಿಯುತ್ತದೆ, ಆದರೆ ಡಯಲಿನ ಎಡತುದಿಯಲ್ಲಿ ನಿಲ್ದಾಣಗಳನ್ನು ಕಿವಿಯಿಂದಲೇ ಹುಡುಕಿಕೊಳ್ಳಬೇಕು.