ಮೊದಲು ಕೆಲಸ, ಆಮೇಲೆ ತರಬೇತಿ: ತಿಕೋಟಾ ಕಡೆ ಸೋಲಾರ್ ಹುಡುಗರನ್ನು ತಯಾರು ಮಾಡಿದ ನನ್ನ ಅನುಭವ

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಕಡೆ ಈಗ ಸೋಲಾರ್ ಪಂಪ್ ನಿಂತರೆ ಅದೇ ಭಾಗದ ಹುಡುಗ ಬೈಕ್ ಹತ್ತಿ ಬರುತ್ತಾನೆ, ಹೆಚ್ಚಾಗಿ ಅದೇ ದಿನ. ಇದು ಆಗುತ್ತದೆ ಅಂತ ಹೇಳಿದಾಗ ನಮ್ಮ ಲೈನಿನವರೇ ನಕ್ಕಿದ್ದರು. "ಕೂಡಗಿಯೊಳಗ 2400 ಮೆಗಾವ್ಯಾಟ್ ಸ್ಥಾವರ ಐತಿ, ಮನಿಗೆ 200 ಯುನಿಟ್ ಪುಕ್ಕಟೆ ಐತಿ, ನಿನ್ನ ಹುಡುಗರಿಗೆ ಕೆಲಸ ಯಾರ್ ಕೊಡ್ತಾರೋ ತಮ್ಮಾ?" ಅಂತ ವಿಜಯಪುರದ ಡೀಲರ್ ಅಣ್ಣಾ ಒಬ್ಬರು ಕೇಳಿದ್ದರು. ಮೊನ್ನೆ ಅವರೇ ಫೋನ್ ಮಾಡಿ ಇಬ್ಬರು ಹುಡುಗರನ್ನು ಕಳಿಸು ಅಂದರು.

ಅವರು ಹೇಳಿದ್ದರಲ್ಲಿ ಅರ್ಧ ನಿಜ ಬಿಡಿ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಮನೆ ಮೇಲಿನ ಸೋಲಾರ್ ಮಾತು ಎತ್ತಿದರೆ ಜನ ಚಹಾ ಕುಡಿಸಿ ಕಳಿಸುತ್ತಿದ್ದರು. ಮುಂದಿನ ವರ್ಷ ಮನೆ ಮೇಲೆ ಸೋಲಾರ್ ಹಾಕಿಸುವವರಿಗೆ ಕೇಂದ್ರದ ಸೂರ್ಯಘರ್ ಯೋಜನೆ ಬಂತು. 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ. ಆದರೆ ಬಿಲ್ಲೇ ಬರದವನಿಗೆ ಅದರಿಂದ ಏನಾಗಬೇಕು? ಹಾಗಾಗಿ ಮನೆಗಳನ್ನು ಬಿಟ್ಟೆ. ಕಮರ್ಷಿಯಲ್ ಬಿಲ್ಲು ಕಟ್ಟುವ ಗಿರಣಿ, ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್, ಮತ್ತೆ ರಾತ್ರಿ ತ್ರೀಫೇಸ್‌ಗೆ ಕಾದು ಸಾಕಾದ ರೈತರು, ಇಷ್ಟೇ ಜನರ ಹತ್ತಿರ ಹೋದೆ.

ಮೊದಲ ಬ್ಯಾಚಿನ ಕಥೆ ಕೇಳಿ. ಐಟಿಐ ಮುಗಿಸಿದ ಸುಮಾರು ಇಪ್ಪತ್ತು ಮಂದಿ ಹುಡುಗರು, ಮೂರು ತಿಂಗಳ ತರಬೇತಿ, ತಿಂಗಳಿಗೆ ಮೂರು ಸಾವಿರ ಸ್ಟೈಪೆಂಡ್. ಕ್ರಿಂಪಿಂಗ್ ಟೂಲ್, ಕ್ಲ್ಯಾಂಪ್ ಮೀಟರ್, ಬೆಲ್ಟು, ಹಾಳಾದ ಕನೆಕ್ಟರ್ ಎಲ್ಲ ಸೇರಿ ಮೂರು ಲಕ್ಷದ ಮೇಲೆ ಹೋಯಿತು. ಒಂದು ಸಂಸ್ಥೆ ಕೊಡಬೇಕಿದ್ದ ಹಣ ಹೆಚ್ಚು ಕಡಿಮೆ ಒಂದು ವರ್ಷ ತಡವಾಗಿ ಬಂತು, ಅದೂ ಪೂರ್ತಿ ಅಲ್ಲ. ಅಷ್ಟರಲ್ಲಿ ಮುಕ್ಕಾಲು ಹುಡುಗರು ಪುಣೆ, ಗೋವಾ ಸೇರಿದ್ದರು. ಅವರನ್ನು ಯಾಕೆ ಬೈಯಬೇಕು? ಸರ್ಟಿಫಿಕೇಟ್ ಕೈಗೆ ಕೊಟ್ಟು ಕೆಲಸ ಹುಡುಕ್ಕೋ ಅಂದರೆ ಕೆಲಸ ಇರುವ ಊರಿಗೇ ಹೋಗುತ್ತಾರೆ, ಅಲ್ವಾ?

ಅದಾದ ಮೇಲೆ ಲೆಕ್ಕ ಉಲ್ಟಾ ಮಾಡಿದೆ. ಎಷ್ಟು ಪಂಪಿನ ಸರ್ವಿಸ್ ಕೈಗೆ ಸಿಗುತ್ತದೋ ಅಷ್ಟಕ್ಕೆ ತಕ್ಕಷ್ಟೇ ಹುಡುಗರು. ಕುಸುಮ್ ಅಂದರೆ ರೈತರಿಗೆ ಸಬ್ಸಿಡಿಯಲ್ಲಿ ಸೋಲಾರ್ ಪಂಪ್ ಕೊಡುವ ಸರ್ಕಾರಿ ಯೋಜನೆ, ಅದರ ಪಂಪ್ ಹಾಕಿದ ಕಂಪನಿ ಐದು ವರ್ಷ ಸರ್ವಿಸ್ ಕೊಡಲೇಬೇಕು. ಕಂಪನಿ ಕೂತಿರುವುದು ಬೆಂಗಳೂರಲ್ಲೋ ಪುಣೆಯಲ್ಲೋ. ಅಲ್ಲಿಂದ ಒಬ್ಬ ಬಂದು ಒಂದು ಕಂಟ್ರೋಲರ್ ನೋಡಿ ಹೋದರೆ ಮೂರ್ನಾಲ್ಕು ಸಾವಿರ ಖರ್ಚು. ನಾನು ಪಂಪಿಗೆ ವರ್ಷಕ್ಕೆ 1,500 ಕೇಳಿದೆ. 900ರಿಂದ ಶುರು ಮಾಡಿದರು, 1,300ಕ್ಕೆ ನಿಂತಿತು. ಎರಡು ಕಂಪನಿ ಒಪ್ಪಿದವು. ಆ ಮಾತುಕತೆಯಲ್ಲಿ ಯಾವ ಕಾಗದ ತೋರಿಸಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಇನ್ನೂ ಮೂರನೇ ಕಂಪನಿ ಬಾಕಿ ಇದೆ.

ಐದು ವರ್ಷ ದಾಟಿದ ಪಂಪುಗಳಿಗೆ ಪಿಕೆಪಿಎಸ್, ಅಂದರೆ ಊರಿನ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಹಿಡಿದೆ. ರೈತನ ಕೈಯಲ್ಲಿ ದುಡ್ಡು ಓಡಾಡುವುದು ಮಾಲು ಮಾರಿದಾಗ ಮಾತ್ರ. ಹಾಗಾಗಿ ರೈತನ ಸಹಿ ತಗೊಂಡು ಸರ್ವಿಸ್ ಹಣವನ್ನು ಸಂಘವೇ ಅವರ ಖಾತೆಯಿಂದ ವರ್ಷಕ್ಕೊಮ್ಮೆ ಹಿಡಿದು ನಮಗೆ ಕೊಡುತ್ತದೆ. ಮುಂಚೆ ಮನೆ ಮನೆ ಅಡ್ಡಾಡಿ ವಸೂಲಿ ಮಾಡುವಾಗ ಅರ್ಧ ಹಣ ಮುಳುಗುತ್ತಿತ್ತು. ಈಗ ನೂರಕ್ಕೆ ತೊಂಬತ್ತು ಬರುತ್ತದೆ. ಐಟಿಐನವರು ಭಾನುವಾರ ವರ್ಕ್‌ಶಾಪ್ ಕೊಟ್ಟರು. ಕೋಲ್ಡ್ ಸ್ಟೋರೇಜ್ ಸಾಹುಕಾರರೊಬ್ಬರು ಮೇಲ್ಛಾವಣಿಯನ್ನೇ ಪ್ರಾಕ್ಟೀಸಿಗೆ ಬಿಟ್ಟರು, ಬದಲಿಗೆ ಅವರ ಪ್ಯಾನೆಲ್ ತೊಳೆಯುವುದು ಪುಕ್ಕಟೆ.

ತರಬೇತಿಯಲ್ಲಿ ಪಾಠ ಕಡಿಮೆ ಮಾಡಿ ಕೆಡಿಸಿ ಕೊಡುವುದು ಜಾಸ್ತಿ ಮಾಡಿದೆ. 540 ವ್ಯಾಟಿನ ಆರು ಪ್ಯಾನೆಲ್ ಸಾಲಾಗಿ ಜೋಡಿಸಿ, ಒಂದರ ಪ್ಲಸ್-ಮೈನಸ್ ವೈರ್ ಬೇಕಂತಲೇ ಉಲ್ಟಾ ಮಾಡಿ ಇಡುತ್ತೇನೆ. 300 ವೋಲ್ಟ್ ಹತ್ತಿರ ಬರಬೇಕಾದ ಕಡೆ 200 ಬರುತ್ತದೆ. ಯಾವುದು ಅಂತ ಹುಡುಕಿದ ಮೇಲೇ ಚಹಾ. ವೈರನ್ನು ಸಡಿಲವಾಗಿ ಒತ್ತಿ ಕ್ರಿಂಪ್ ಮಾಡಿದ ಎಂಸಿ4, ಅಂದರೆ ಪ್ಯಾನೆಲ್ ವೈರ್ ಜೋಡಿಸುವ ಕನೆಕ್ಟರ್, ಬಿಸಿಯಾಗಿ ಕರಗಿದ್ದನ್ನು ಒಂದು ಡಬ್ಬಿ ತುಂಬ ಇಟ್ಟಿದ್ದೇನೆ, ಅದನ್ನು ಕೈಗೆ ಕೊಟ್ಟರೆ ಭಾಷಣ ಬೇಕಾಗಲ್ಲ. ಎರಿ ಭೂಮಿಯ, ಅಂದರೆ ಕಪ್ಪು ಮಣ್ಣಿನ, ಅರ್ಥಿಂಗ್ ಇನ್ನೊಂದು ತಲೆನೋವು. ಮಳೆಗಾಲದಲ್ಲಿ ಮೀಟರ್ ಚಲೋ ತೋರಿಸುತ್ತದೆ, ಏಪ್ರಿಲ್‌ನಲ್ಲಿ ಮಣ್ಣು ಬಿರುಕು ಬಿಟ್ಟು ರಾಡಿಗೂ ಮಣ್ಣಿಗೂ ಸಂಬಂಧವೇ ಇರಲ್ಲ. ಅದಕ್ಕೇ ನಾವು ಅಳತೆ ಹಿಡಿಯುವುದು ಬೇಸಿಗೆಯಲ್ಲಿ. ಬೋರಿನ ಗಡಸು ನೀರು ಗಾಜಿನ ಮೇಲೆ ಬಿಡುವ ಬಿಳಿ ಕಲೆಗೆ ಒಂದು ಮಿಶ್ರಣ ಇದೆ, ಅದು ನಮ್ಮ ಹುಡುಗರ ಹೊಟ್ಟೆಪಾಡು, ಕೇಳಬೇಡಿ.

ಮಧ್ಯೆ ಒಂದು ಹುಚ್ಚು ಪ್ರಯೋಗ ಮಾಡಿದೆವು. ಒಣದ್ರಾಕ್ಷಿ ಶೆಡ್ಡಿಗೆ ಸೋಲಾರ್ ಫ್ಯಾನ್. ನೆರಳಲ್ಲಿ ಒಣಗಲು ಎರಡು ವಾರ ಹಿಡಿಯುವುದು ಎರಡು ಮೂರು ದಿನ ಕಡಿಮೆ ಆಯಿತು. ಆದರೆ ತಗಡಿನ ಕೆಳಗಿನ ಬಿಸಿ ಗಾಳಿಯನ್ನೇ ಫ್ಯಾನ್ ತಿರುಗಿಸಿ ಮೇಲಿನ ಸಾಲಿನ ಹಸಿರು ಬಣ್ಣ ಕೆಂಪಗಾಯಿತು. ತಾಸಗಾಂವ್ ಮಾರ್ಕೆಟ್ಟಿನಲ್ಲಿ ಬಣ್ಣ ಹೋದರೆ ರೇಟು ಹೋಯಿತು. ಫ್ಯಾನ್ ಕೆಳಗಿಳಿಸಿ ಮುಂದಿನ ಫೆಬ್ರುವರಿಯಲ್ಲಿ ಮತ್ತೆ ನೋಡುತ್ತೇವೆ, ರೈತ ಕಾಕಾ ಮಾತ್ರ ಇನ್ನೂ ಸಿಟ್ಟಲ್ಲಿದ್ದಾರೆ.

ಹುಡುಗನ ಲೆಕ್ಕ ಹೀಗಿದೆ. ಹದಿನೈದು ಕಿಲೋಮೀಟರ್ ಒಳಗೆ ಎಂಬತ್ತು ಪಂಪ್, ಅದರಿಂದ ವರ್ಷಕ್ಕೆ ಲಕ್ಷದ ಆಸುಪಾಸು. ಹೊಸ ಪ್ಯಾನೆಲ್ ಕೂರಿಸುವ ದಿನ 700-800 ಕೂಲಿ ಬೇರೆ. ಪೆಟ್ರೋಲ್ ಕಳೆದು ತಿಂಗಳಿಗೆ ಹದಿನೈದು ಸಾವಿರ ಉಳಿಯುತ್ತದೆ. ಪುಣೆಯಲ್ಲೂ ಹೆಚ್ಚು ಕಡಿಮೆ ಅಷ್ಟೇ ಸಂಬಳ, ಆದರೆ ರೂಮ್ ಬಾಡಿಗೆ, ಊಟ ಕಳೆಯಬೇಕು. ಎರಡನೇ ಬ್ಯಾಚಿನ ಎಂಟು ಮಂದಿಯಲ್ಲಿ ಏಳು ಮಂದಿ ಇಲ್ಲೇ ಇದ್ದಾರೆ. ಇಬ್ಬರು ಹೆಣ್ಮಕ್ಕಳು ಮನೆಯಿಂದಲೇ ಫೋನಿನಲ್ಲಿ ಕಂಪ್ಲೇಂಟ್ ತಗೊಳ್ಳುತ್ತಾರೆ, ಮೂರರಲ್ಲಿ ಒಂದು ಕಂಪ್ಲೇಂಟ್ "ಎಂಸಿಬಿ ಎತ್ತಿ ನೋಡ್ರಿ ಕಾಕಾ" ಅನ್ನುವುದರಲ್ಲೇ ಮುಗಿಯುತ್ತದೆ.

ಈಗ ಜಮಖಂಡಿ ಕಡೆಯ ಒಂದು ಸಂಘ ಕರೆದಿದೆ. ಹುಡುಗರ ಹೆಸರು ಬೇಡ, ಮೊದಲು ಪಂಪುಗಳ ಪಟ್ಟಿ ಕಳಿಸಿ ಅಂದಿದ್ದೇನೆ, ನೂರಕ್ಕಿಂತ ಕಡಿಮೆ ಇದ್ದರೆ ಬ್ಯಾಚ್ ಇಲ್ಲ.