ಮೂರು ವೇದಿಕೆಗಳಿಗೆ ಒಂದೇ ಕಾನ್ಫಿಗ್ ಭಾಷೆ ಕಟ್ಟುವುದು ಹೇಗೆ

ಮಂಗಳೂರು–ಉಡುಪಿ ಬಸ್ಸುಗಳ ಟಿಕೆಟ್ ತಂತ್ರಾಂಶ ಕಟ್ಟುತ್ತಿದ್ದೀರಿ ಎಂದುಕೊಳ್ಳಿ: ಕೌಂಟರಿನಲ್ಲಿ ವಿಂಡೋಸ್, ಸರ್ವರಿನಲ್ಲಿ ಲಿನಕ್ಸ್, ಡೆವಲಪರ್ ಕೈಯಲ್ಲಿ ಮ್ಯಾಕ್. ಈ ಮೂರು ವೇದಿಕೆಗಳಿಗೂ ಬೇರೆ ಬೇರೆ ಕಾನ್ಫಿಗ್ ಫೈಲ್ (ತಂತ್ರಾಂಶದ ಸೆಟ್ಟಿಂಗ್‌ಗಳನ್ನು ಬರೆದಿಡುವ ಫೈಲ್) ಬರೆಯಬೇಡಿ. ಒಂದನ್ನು ತಿದ್ದಿದಾಗ ಉಳಿದೆರಡು ಹಳತಾಗಿಯೇ ಉಳಿಯುತ್ತವೆ. ಸಾಮಾನ್ಯವಾದದ್ದು ಒಂದು ಭಾಗದಲ್ಲಿರಲಿ, ಅದರ ಕೆಳಗೆ ಪ್ರತಿ ವೇದಿಕೆಯ ವ್ಯತ್ಯಾಸ ಮಾತ್ರ. ಪಟ್ಟಿಗೆ ಸೇರಿಸುವುದಕ್ಕೂ ಪಟ್ಟಿಯನ್ನೇ ಬದಲಿಸುವುದಕ್ಕೂ ಬೇರೆ ಬೇರೆ ಚಿಹ್ನೆ ಕೊಡಿ.

ಮೌಲ್ಯದ ಬಗೆಯನ್ನು ಭಾಷೆ ಊಹಿಸಬಾರದು. ಯಾಮೆಲ್ (YAML) ಎಂಬ ಕಾನ್ಫಿಗ್ ಭಾಷೆಯ 1.1 ಆವೃತ್ತಿಯಲ್ಲಿ ಉದ್ಧರಣ ಚಿಹ್ನೆಯಿಲ್ಲದೆ ಬರೆದ ನಾರ್ವೆಯ ದೇಶಸಂಕೇತ ‘ಎನ್‌ಒ’ (NO) ಬೂಲಿಯನ್ (ನಿಜ–ಸುಳ್ಳು) ಮೌಲ್ಯವಾದ ‘ಸುಳ್ಳು’ ಆಗಿಬಿಡುತ್ತದೆ; 1.10 ಎಂಬ ಆವೃತ್ತಿ 1.1 ಆಗುತ್ತದೆ. ಪಠ್ಯಕ್ಕೆ ಉದ್ಧರಣ ಚಿಹ್ನೆ ಕಡ್ಡಾಯ ಮಾಡಿ.

ಹೆಚ್ಚು ಕಾಡುವುದು ಫೈಲ್ ಪಾಥ್ (ಫೈಲ್ ಇರುವ ಜಾಗದ ವಿಳಾಸ). ಫಾರ್ವರ್ಡ್ ಸ್ಲ್ಯಾಷ್ ಮಾತ್ರ ಒಪ್ಪಿ. ಬ್ಯಾಕ್‌ಸ್ಲ್ಯಾಷ್ ಪಠ್ಯದೊಳಗೆ ಎಸ್ಕೇಪ್ (ಮುಂದಿನ ಅಕ್ಷರದ ಅರ್ಥ ಬದಲಿಸುವ ಚಿಹ್ನೆ) ಆಗುತ್ತದೆ: ಅದರ ನಂತರವೇ ಚಿಕ್ಕ ‘ಎನ್’ ಬಂದರೆ ಹೊಸ ಸಾಲು! ದೊಡ್ಡಕ್ಷರ–ಚಿಕ್ಕಕ್ಷರದ ಭೇದ ಲಿನಕ್ಸ್‌ಗೆ ಉಂಟು, ವಿಂಡೋಸ್ ಮತ್ತು ಮ್ಯಾಕ್‌ಗೆ ಸಾಮಾನ್ಯವಾಗಿ ಇಲ್ಲ. ಲ್ಯಾಪ್‌ಟಾಪಿನಲ್ಲಿ ಓಡಿದ ಬಿಲ್ಡ್ (ಕೋಡಿನಿಂದ ಕಟ್ಟಿದ ತಂತ್ರಾಂಶ) ಸರ್ವರಿನಲ್ಲಿ ಮುರಿಯಲು ಇದೊಂದೇ ಸಾಕು. ಹೆಸರಿನ ಅಕ್ಷರ ಹೊಂದದಿದ್ದರೆ ಎಲ್ಲ ವೇದಿಕೆಯಲ್ಲೂ ದೋಷ ತೋರಿಸಿ.

ಕನ್ನಡದ ಕೀಲಿಗಳಿಗೆ (ಸೆಟ್ಟಿಂಗ್‌ಗಳ ಹೆಸರುಗಳಿಗೆ) ಇನ್ನೊಂದು ತೊಡಕಿದೆ. ‘ಕೋಟ’ದ ಓತ್ವ ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, 3 ಸಂಕೇತಗಳಾಗಿಯೂ ಇರಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಹೋಲಿಸುವ ಮೊದಲು ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಸಂಕೇತಗಳನ್ನು ಕೂಡಿಸಿದ ಯುನಿಕೋಡ್ ರೂಪ) ತನ್ನಿ. ಡಿಸ್ಕಿನಲ್ಲಿರುವ ಫೈಲ್ ಹೆಸರನ್ನು ಮಾತ್ರ ಮುಟ್ಟಬೇಡಿ.

ಈ ಭಾಷೆಯಲ್ಲಿ ಲೂಪ್ (ಒಂದೇ ಆದೇಶವನ್ನು ಮತ್ತೆ ಮತ್ತೆ ಓಡಿಸುವುದು) ಬೇಡವೇ ಬೇಡ. ಗೊತ್ತಿಲ್ಲದ ಕೀಲಿಯನ್ನು ಸುಮ್ಮನೆ ದಾಟಿಸದೆ, ಸಾಲಿನ ಸಂಖ್ಯೆಯೊಂದಿಗೆ ಹತ್ತಿರದ ಸರಿಯಾದ ಹೆಸರನ್ನೂ ಸೂಚಿಸಿ. ಮೊದಲ ಸಾಲಿನಲ್ಲಿ ಭಾಷೆಯ ಆವೃತ್ತಿ ಇರಲಿ.